ಮಿಡತೆ ಇಲಿಗಳ ಕೋಣೆ

ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದು ೨೦೨೧ರ ಸೆಪ್ಟೆಂಬರಿನಲ್ಲಿ. ಆಗ ನನಗೆ ನಲವತ್ತನಾಲ್ಕು ವರ್ಷ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿ ಮೂರು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವೀಸಾ, ಮಗಳು, ಅಡುಗೆಮನೆ ಎಂದು ಹದಿನೈದು ವರ್ಷ ಹೇಗೋ ಕಳೆದುಹೋಗಿತ್ತು. ಪಂಜರ ತೊಳೆಯುವುದು, ಆಹಾರ ಹಾಕುವುದು, ತೂಕ ನೋಡಿ ಬರೆದಿಡುವುದು, ಇಷ್ಟೇ ಕೆಲಸ. "ಎಂ.ಎಸ್ಸಿ. ಮಾಡಿ ಇಲಿ ಪಂಜರ ತೊಳೀತೀಯಾ?" ಎಂದು ನನ್ನ ಗಂಡ ಕೇಳಿದರು. "ಹದಿನೈದು ವರ್ಷ ಪಾತ್ರೆ ತೊಳ್ದಿದೀನಲ್ಲ, ಆಗ ಕೇಳ್ಲಿಲ್ಲ" ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ನೆಲಮಾಳಿಗೆಯಲ್ಲಿ ಕಾರಿಡಾರಿನ ಕೊನೆಯಲ್ಲಿದ್ದ ಕೋಣೆ ಅದು. ಆ ಇಲಿಗಳು ಎಚ್ಚರವಾಗಿರುವುದು ಕತ್ತಲೆಯಲ್ಲಿ. ಹಾಗಾಗಿ ಹಗಲೆಲ್ಲ ದೀಪ ಆರಿಸಿ, ರಾತ್ರಿ ಹೊತ್ತಿಸಿ, ಅವುಗಳ ಹಗಲು ರಾತ್ರಿಯನ್ನೇ ತಿರುವುಮುರುವು ಮಾಡಿಟ್ಟಿದ್ದರು. ನಾವು ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಕುಡಿದು ಒಳಗೆ ಹೋದರೆ ಅಲ್ಲಿ ನಡುರಾತ್ರಿ. ಮಂದವಾದ ಕೆಂಪು ಬಲ್ಬು ಒಂದೇ ಉರಿಯುತ್ತಿತ್ತು. ಗೋಡೆಗುಂಟ ಗಾಜಿನ ತೊಟ್ಟಿಗಳು, ತಳದಲ್ಲಿ ಮರಳು, ಅಡಗಲು ರಟ್ಟಿನ ಕೊಳವೆಗಳು. ಕೋಣೆಯ ತುಂಬ ಘಾಟು ವಾಸನೆ; ಸ್ನಾನ ಮಾಡಿದ ಮೇಲೂ ಮೂಗಿನಲ್ಲಿ ಉಳಿಯುತ್ತಿತ್ತು.

ಮೊದಲ ದಿನ ನಾನು ಬಾಗಿಲು ತೆರೆದಾಗ ಕುರ್ಚಿಯ ಮೇಲೆ ಒಬ್ಬ ಮುದುಕರು ಕೂತಿದ್ದರು. ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್, ಕೈಯಲ್ಲಿ ಪೆನ್ಸಿಲ್, ಮುಖಕ್ಕೆ ಮಾಸ್ಕ್, ಮೈಮೇಲೆ ನೀಲಿ ಗೌನು. ನನ್ನ ಕೊರಳಲ್ಲಿ ತೂಗುತ್ತಿದ್ದ ಗುರುತುಚೀಟಿಯನ್ನು ಬಗ್ಗಿ ಓದಿದರು.

"ಕನ್ನಡದವರೇನು?"

"ಹೌದು ಸರ್. ಮೈಸೂರು."

"ಹುಬ್ಬಳ್ಳ್ಯಾಗ ಯಾವ ಓಣಿ?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಮಾಸ್ಕಿನೊಳಗಿನ ನಗು ಅವರಿಗೆ ಕಾಣಿಸಿರಲಾರದು. ಅಷ್ಟರಲ್ಲಿ ಮೂಲೆಯಿಂದ ಒಂದು ಸದ್ದು ಬಂತು. ತೆಳ್ಳಗೆ, ನೇರವಾಗಿ, ಏರಿಳಿತವಿಲ್ಲದೆ, ಯಾರೋ ದೂರದಲ್ಲಿ ಉಸಿರು ಹಿಡಿದು ಸೀಟಿ ಊದಿದ ಹಾಗೆ. ಎಸಿಯ ಕೊಳವೆಯೇನೋ ಎಂದು ಮೇಲೆ ನೋಡಿದೆ. ಮುದುಕರು ಪೆನ್ಸಿಲಿನಿಂದ ಒಂದು ತೊಟ್ಟಿಯನ್ನು ತೋರಿಸಿದರು. ಕಂದು ಬೆನ್ನಿನ, ಬಿಳಿ ಹೊಟ್ಟೆಯ, ಗಿಡ್ಡ ದಪ್ಪ ಬಾಲದ ಒಂದು ಇಲಿ ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮೂತಿಯನ್ನು ಮೇಲಕ್ಕೆತ್ತಿ, ಬಾಯಿ ತೆರೆದಿತ್ತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ತೋಳ ಊಳಿಡುವ ಭಂಗಿ.

"ಕೂಗ್ಲಿಕತ್ತದ. ಇದು ನನ್ನ ಜಾಗಾ ಅಂತ ಹೇಳ್ತದ" ಎಂದು ನೋಟ್‌ಬುಕ್ಕಿನಲ್ಲಿ ಓರೆಯಾಗಿ ಒಂದು ಗೀಟು ಎಳೆದರು.

ಇಂಗ್ಲಿಷಿನಲ್ಲಿ ಅದನ್ನು ಗ್ರಾಸ್‌ಹಾಪರ್ ಮೌಸ್ ಎನ್ನುತ್ತಾರೆ. ಅವರು ಮಿಡತಿ ಇಲಿ ಎನ್ನುತ್ತಿದ್ದರು. ನಮ್ಮ ಊರ ಇಲಿಗಳಂತೆ ಕಾಳುಕಡ್ಡಿ ತಿಂದು ಬದುಕುವ ಪ್ರಾಣಿಯಲ್ಲ ಅದು. ಅರಿಜೋನಾ ಕಡೆಯ ಮರುಭೂಮಿಯಲ್ಲಿ ಮಿಡತೆ, ಜೀರುಂಡೆ, ಚೇಳು, ಸಿಕ್ಕರೆ ಬೇರೆ ಇಲಿ, ಹೀಗೆ ಬೇಟೆಯಾಡಿ ತಿನ್ನುತ್ತದೆ. ಅವರು ಧಾರವಾಡದಲ್ಲಿ ಓದಿ ಎಪ್ಪತ್ತರ ದಶಕದ ಆರಂಭದಲ್ಲಿ ಈ ದೇಶಕ್ಕೆ ಬಂದವರು. ಬದುಕಿನ ಬಹುಪಾಲನ್ನು ಈ ಒಂದು ಇಲಿಯ ಹಿಂದೆ ಕಳೆದಿದ್ದರು. ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಅವರ ಹಳೆಯ ವಿದ್ಯಾರ್ಥಿನಿಯೇ ಈಗ ಪ್ರಯೋಗಾಲಯದ ಮುಖ್ಯಸ್ಥೆ. ಅಧ್ಯಯನಕ್ಕೆ ಬರುತ್ತಿದ್ದ ಅನುದಾನ ನಿಂತಿದ್ದರಿಂದ ಹೊಸ ಮರಿ ಹಾಕಿಸುವುದನ್ನು ಬಿಟ್ಟಿದ್ದರು. ಇದ್ದ ಹತ್ತೋ ಹನ್ನೊಂದೋ ಜೋಡಿಗಳು ವಯಸ್ಸಾಗಿ ಸಾಯುವವರೆಗೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿತ್ತು. ಆ ಕೊನೆಯ ಇಲಿಗಳನ್ನು ನೋಡಲು ಅವರು ದಿನವೂ ಬರುತ್ತಿದ್ದರು.

ಒಂದು ವಾರದೊಳಗೆ ಸರ್ ಹೋಗಿ ಅಂಕಲ್ ಆದರು. ನಾನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಜೀವಂತ ಮಿಡತೆಗಳನ್ನು ಚಿಮಟದಲ್ಲಿ ಹಿಡಿದು ತೊಟ್ಟಿಗೆ ಬಿಡುವಾಗ ಮೊದಮೊದಲು ಕಣ್ಣು ಮುಚ್ಚುತ್ತಿದ್ದೆ. "ಕಣ್ಣು ಮುಚ್ಚಿದ್ರ ಏನ್ ಕಲೀತೀ? ನೋಡು" ಎಂದು ಗದರಿಸಿದರು. ನೋಡಿದೆ. ಇಲಿ ಮಿಡತೆಯ ತಲೆಯನ್ನು ಮೊದಲು ಕಡಿಯುತ್ತಿತ್ತು, ಕಾಲು ರೆಕ್ಕೆಗಳನ್ನು ಉದುರಿಸಿ ಮೈಯನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಬಿಸ್ಕತ್ತು ತಿನ್ನುವ ಹಾಗೆ ತಿನ್ನುತ್ತಿತ್ತು. ಕೆಲವು ಕಪ್ಪು ಜೀರುಂಡೆಗಳು ಹಿಂಭಾಗದಿಂದ ಉರಿಯುವ ದ್ರವ ಚಿಮ್ಮಿಸುತ್ತವಂತೆ. ಈ ಇಲಿ ಜೀರುಂಡೆಯ ಹಿಂಭಾಗವನ್ನು ಮರಳಿಗೆ ಚುಚ್ಚಿ ನಿಲ್ಲಿಸಿಕೊಂಡು ಮೇಲಿನಿಂದ ತಿನ್ನುತ್ತದೆಯಂತೆ. ಅದನ್ನು ಹೇಳುವಾಗ ಅಂಕಲ್ ಪೆನ್ಸಿಲನ್ನು ಅಂಗೈಗೆ ಒತ್ತಿ ತೋರಿಸಿದ್ದು ಕಣ್ಣಿಗೆ ಕಟ್ಟಿದಂತಿದೆ.

ಒಮ್ಮೆ ಚೇಳನ್ನು ಬಿಟ್ಟರು. ಹಳದಿ ಬಣ್ಣದ, ಮನುಷ್ಯರಿಗೆ ಕುಟುಕಿದರೆ ಕೂಗಾಡಿಸುವಂಥ ಚೇಳು. ಇಲಿ ಎದುರು ಹೋಯಿತು. ಚೇಳು ಬಾಲ ಬಗ್ಗಿಸಿ ಅದರ ಮೂತಿಗೇ ಹೊಡೆಯಿತು. ನಾನು "ಅಯ್ಯೋ" ಎಂದೆ. ಇಲಿ ಹಿಂದೆ ಸರಿದು ಒಂದೆರಡು ಕ್ಷಣ ಮೂತಿ ನೆಕ್ಕಿಕೊಂಡಿತು. ಮತ್ತೆ ಹೋಗಿ ಚೇಳಿನ ಬಾಲವನ್ನು ಕಚಕಚನೆ ಕಡಿದು ತಿಂದುಬಿಟ್ಟಿತು.

"ಇದಕ್ಕ ನೋವಾಗಂಗಿಲ್ಲವಾ ತಂಗಿ. ಚೇಳಿನ ವಿಷ ನೋವಿನ ಸುದ್ದಿ ಒಯ್ಯೋ ನರಾನೇ ಬಂದ್ ಮಾಡಿಬಿಡ್ತದ. ಬ್ಯಾರೆ ನೋವು ಆಗ್ತದ, ಇದೊಂದು ಆಗಂಗಿಲ್ಲ."

ಹೀಗೆ ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಮಾತು ಬಹುತೇಕ ಅವರದೇ. ನಾನು ಪ್ರಶ್ನೆ ಕೇಳಿದರೆ ಕೆಲವು ಸಲ ಬೇರೆಯದಕ್ಕೇ ಉತ್ತರ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ. ಹಿಂದಿನ ವರ್ಷ ಅವರ ಹೆಂಡತಿ ಕೋವಿಡ್‌ನಲ್ಲಿ ತೀರಿಕೊಂಡಿದ್ದರು. ದುಃಖದಲ್ಲಿದ್ದಾರೆ, ಮಾತು ಬೇಡವಾಗಿದೆ ಎಂದು ನಾನು ತಿಳಿದಿದ್ದೆ. ಮಾಸ್ಕುಗಳ ಕಾಲ ಬೇರೆ. ಯಾರಿಗೆ ಯಾರ ಮಾತು ಸರಿಯಾಗಿ ಅರ್ಥವಾಗುತ್ತಿತ್ತು?

ಅವರು ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತಿದ್ದಾರೆ ಎಂಬುದು ನವೆಂಬರಿನಲ್ಲಿ ಗೊತ್ತಾಯಿತು. ಈ ಇಲಿಗಳಲ್ಲಿ ಗಂಡು ಹೆಣ್ಣು ಜೊತೆಯಾಗಿ ಬಾಳುತ್ತವೆ, ಮರಿಗಳನ್ನು ಗಂಡೂ ನೋಡಿಕೊಳ್ಳುತ್ತದೆ. ಈಗ ಮುದಿ ಜೋಡಿಗಳಲ್ಲಿ ಒಂದೊಂದು ಸಾಯುತ್ತಿತ್ತು, ಇನ್ನೊಂದು ಉಳಿಯುತ್ತಿತ್ತು. ಉಳಿದದ್ದು ಎಷ್ಟು ಸಲ ಕೂಗುತ್ತದೆ ಎಂಬುದರ ಲೆಕ್ಕ ಅದು. ದಿನಕ್ಕೆ ಎರಡು ಗಂಟೆ ಕೂತು ಒಂದೊಂದು ತೊಟ್ಟಿಯ ಕೂಗನ್ನೂ ಗೀಟು ಹಾಕಿ ಎಣಿಸುತ್ತಿದ್ದರು.

"ಜೋಡಿ ಸತ್ತ ಮ್ಯಾಲೆ ಸುಮ್ಮನಾಗಿಬಿಡ್ತಾವ" ಎಂದರು. "ನೋಡು, ಈ ತೊಟ್ಟಿ. ಹೆಣ್ಣು ಇದ್ದಾಗ ದಿನಾ ಹತ್ತು ಹದಿನೈದು. ಈಗ ಒಂದು, ಎರಡು. ನಿನ್ನೆ ಸೊನ್ನೆ."

"ಬೇಜಾರಾಗಿರುತ್ತೇನೋ ಅಂಕಲ್" ಎಂದು ಅವರ ಮುಖದ ಹತ್ತಿರ ಬಗ್ಗಿ ಹೇಳಿದೆ.

"ಬ್ಯಾಸರ ಅನಬ್ಯಾಡ. ನಮಗ ಗೊತ್ತಿಲ್ಲ. ಕೂಗಂಗಿಲ್ಲ, ಅಷ್ಟು ಅನ್ನು."

ಆ ಹೆಣ್ಣು ಸತ್ತ ಬೆಳಿಗ್ಗೆ ನಾನೇ ತೊಟ್ಟಿ ತೆರೆದಿದ್ದೆ. ರಾತ್ರಿಯೋ ಹಗಲೋ ಸತ್ತಿತ್ತು. ಗಂಡು ಅದರ ಅರ್ಧವನ್ನು ತಿಂದಿತ್ತು. ಮಾಂಸ ತಿನ್ನುವ ಪ್ರಾಣಿ, ಮರುಭೂಮಿಯದು, ಏನನ್ನೂ ಬಿಡುವುದಿಲ್ಲ ಎಂದು ಗೊತ್ತಿದ್ದರೂ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಫೆಬ್ರವರಿಯಲ್ಲಿ ಒಂದು ದಿನ ನಾನು ಆ ಗಂಡಿನ ಪಕ್ಕದ ತೊಟ್ಟಿಯ ನೀರಿನ ಬಾಟಲಿ ಬದಲಿಸುತ್ತಿದ್ದೆ. ಅಂಕಲ್ ಎರಡಡಿ ದೂರದಲ್ಲಿ ಕೂತಿದ್ದರು. ರಟ್ಟಿನ ಕೊಳವೆಯ ಒಳಗಿನಿಂದ ಆ ಗಂಡು ಕೂಗಿತು. ಉದ್ದನೆಯ, ಸ್ಪಷ್ಟವಾದ ಕೂಗು. ಪೆನ್ಸಿಲ್ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು. ಅದಾದ ಮೇಲೆ ಇನ್ನೊಂದು. ಅಂಕಲ್ ತೊಟ್ಟಿಯನ್ನೇ ನೋಡುತ್ತಿದ್ದರು, ಗೀಟು ಬೀಳಲಿಲ್ಲ. ಆಚೆ ಬದಿಯಲ್ಲಿ ಬೇರೊಂದು ಇಲಿ ಹಿಂಗಾಲ ಮೇಲೆ ಎದ್ದು ಬಾಯಿ ತೆರೆದ ಕೂಡಲೇ ಗೀಟು ಬಿತ್ತು.

ನಾನು ಅವರ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ "ಅಂಕಲ್" ಎಂದೆ. ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಕರೆದೆ. ಅವರು ತಿರುಗಲಿಲ್ಲ. ನನ್ನ ಕೈಯಲ್ಲಿದ್ದ ಬಾಟಲಿಯಿಂದ ನೀರು ಶೂ ಮೇಲೆ ಸೋರುತ್ತಿತ್ತು.

ಅವರು ಕೂಗನ್ನು ಕೇಳುತ್ತಲೇ ಇರಲಿಲ್ಲ. ನೋಡುತ್ತಿದ್ದರು. ಅಷ್ಟು ಮೊನಚಾದ ಸದ್ದು ವಯಸ್ಸಾದ ಕಿವಿಗೆ ಎಲ್ಲಕ್ಕಿಂತ ಮೊದಲು ಕಳೆದುಹೋಗುತ್ತದೆ ಎಂದು ಮನೆಗೆ ಹೋಗಿ ಓದಿ ತಿಳಿದುಕೊಂಡೆ. ಜೊತೆ ಕಳೆದುಕೊಂಡ ಇಲಿಗಳು, ನಮ್ಮ ಕೋಣೆಯಲ್ಲಿದ್ದವಂತೂ, ಹೊರಗೆ ಬಂದು ನಿಂತು ಕೂಗುತ್ತಿರಲಿಲ್ಲ. ಹೆಚ್ಚು ಹೊತ್ತು ಕೊಳವೆಯೊಳಗೇ ಇದ್ದು ಅಲ್ಲಿಂದಲೇ ಕೂಗುತ್ತಿದ್ದವು. ಅಂಕಲ್ ಅದನ್ನು ಮೌನ ಎಂದು ಬರೆದುಕೊಳ್ಳುತ್ತಿದ್ದರು.

ಹೇಳಬೇಕಿತ್ತು, ಆಗಲಿಲ್ಲ. ಬದಲಿಗೆ ಮಾಡಬಾರದ್ದು ಮಾಡಿದೆ. ಅವರು ನಡುವೆ ಎದ್ದು ಹೊರಗೆ ಹೋದಾಗ, ನಾನು ಮನಸ್ಸಿನಲ್ಲಿ ಎಣಿಸಿಟ್ಟುಕೊಂಡಿದ್ದ ಕೂಗುಗಳನ್ನು ಅವರ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಸೇರಿಸತೊಡಗಿದೆ. ಮೂರು ಗೀಟು, ನಾಲ್ಕು ಗೀಟು. ಲೆಕ್ಕ ಸರಿಯಾಗುತ್ತದೆ, ಅವರ ಮನಸ್ಸಿಗೂ ನೋವಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ಹನ್ನೆರಡು ದಿನ ಹೀಗೇ ನಡೆಯಿತು.

ಒಂದು ಸೋಮವಾರ ನಾನು ಒಳಗೆ ಹೋದಾಗ ಅವರು ನೋಟ್‌ಬುಕ್ಕನ್ನು ಕೆಂಪು ಬಲ್ಬಿನ ಕೆಳಗೆ ಹಿಡಿದು ನಿಂತಿದ್ದರು.

"ಬಾ ಇಲ್ಲೆ. ನನ್ನ ಗೀಟು ಓರೆ ಇರ್ತಾವ. ಇವು ನೆಟ್ಟಗವ. ಯಾರ ಕೈ ಇದು?"

"ನಂದೇ ಅಂಕಲ್."

"ಮಾಸ್ಕ್ ತಗಿ. ತಗದು ಹೇಳು."

ತೆಗೆಯಬಾರದೆಂಬ ನಿಯಮವಿತ್ತು. ತೆಗೆದೆ. ಐದು ತಿಂಗಳಲ್ಲಿ ಅವರು ನನ್ನ ಪೂರ್ತಿ ಮುಖವನ್ನು ನೋಡಿದ್ದು ಆಗಲೇ. ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ಅದು ಕೂಗ್ತಾ ಇದೆ ಅಂಕಲ್. ಪೈಪ್ ಒಳಗಿಂದ. ನಿಮಗೆ... ನಿಮಗೆ ಕೇಳಿಸ್ತಿಲ್ಲ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕುರ್ಚಿಯ ಮೇಲೆ ಕೂತು, ನನ್ನನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿದರು.

"ಕಣ್ಣು ಮುಚ್ಚು. ಕೇಳಿದಾಗ ಬಟ್ಟು ಎತ್ತು."

ಕಣ್ಣು ಮುಚ್ಚಿ ಕೂತೆ. ಬೆರಳು ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಕಾಲು ಗಂಟೆ ಇರಬೇಕು. ಕೊನೆಕೊನೆಗೆ ಕೂಗು ಬಂದರೂ ಬೆರಳು ಎತ್ತದೆ ಇರಲೇ ಎನಿಸಿತು, ಆದರೆ ಎತ್ತಿದೆ. "ಸಾಕು" ಎಂದರು. ಕಣ್ಣು ಬಿಟ್ಟಾಗ ನೋಟ್‌ಬುಕ್ ಮುಚ್ಚಿತ್ತು.

"ಎಷ್ಟು ವರ್ಷದ್ದು ಸುಳ್ಳಾತೋ ಏನೋ" ಎಂದರು.

"ಎಲ್ಲಾ ಸುಳ್ಳಲ್ಲ ಅಂಕಲ್. ನೀವು ನೋಡಿದ್ದು ನಿಜಾನೇ ಅಲ್ವಾ?"

ಆಮೇಲೆ ಅವರು ಮಾತಾಡಿದ್ದು ಇಲಿಗಳ ಬಗ್ಗೆಯಲ್ಲ.

"ನಮ್ಮ ಮನ್ಯಾಕಿ ದವಾಖಾನ್ಯಾಗ ಇದ್ದಾಗ ನರ್ಸು ಫೋನ್ ಮಾಡಿದ್ಲು. ಅಕೀ ಕಿವೀಗೆ ಫೋನ್ ಹಿಡಿದೀನಿ, ಮಾತಾಡ್ರಿ ಅಂತ ನರ್ಸು ಹೇಳಿದ್ದು ತಿಳೀತು. ಆಮ್ಯಾಲೆ ಅಕೀ ಮಾತಾಡಿದ್ಲು. ಮೂರು ನಾಲ್ಕು ಮಿನಿಟು ಮಾತಾಡಿದ್ಲು. ಆಕ್ಸಿಜನ್ ಹಾಕಿದ್ರು, ದನಿ ಸಣ್ಣ ಆಗಿತ್ತು. ಒಂದು ಶಬ್ದ ತಿಳೀಲಿಲ್ಲ ನನಗ. ಇನ್ನೊಮ್ಮೆ ಹೇಳು ಅಂತನೂ ಅನ್ಲಿಲ್ಲ, ಅಕೀಗೆ ದಣಿವು ಆಗ್ತದ ಅಂತ. ಹೂಂ ಅಂದೆ. ಹೂಂ, ಹೂಂ ಅಂತ ಅಂದಕೋತನ ಕೂತೆ. ಮುಂದ ಎರಡು ದಿವಸಕ್ಕ ಹೋದ್ಲು."

ನಾನು ಸ್ಟೂಲನ್ನು ಅವರ ಹತ್ತಿರ ಎಳೆದುಕೊಂಡೆ.

"ಮಗಳು ಕೇಳಿದ್ಲು, ಅವ್ವ ಏನಂದ್ಲು ಅಂತ. ನಿನಗ ಆಶೀರ್ವಾದ ಮಾಡ್ಯಾಳ ಅಂತ ಹೇಳೀನಿ. ಕಿವಿ ಹೋಗ್ಯಾವ ಅಂತ ಹೇಳಿದ್ರ ಆ ಆಶೀರ್ವಾದದ ಮಾತು ಸುಳ್ಳು ಅಂತ ಗೊತ್ತಾಗ್ತದಲ್ಲ. ಅದಕ್ಕ ಯಾರಿಗೂ ಹೇಳ್ಲಿಲ್ಲ."

ಅವರು ಎದ್ದು ಗೌನು ಬಿಚ್ಚಿ, ಬುಟ್ಟಿಗೆ ಹಾಕಿ, ನೋಟ್‌ಬುಕ್ ಹಿಡಿದು ಮೇಲೆ ಹೋದರು. ನನ್ನ ತಲೆಯ ಮೇಲೆ ಕೈ ಇಡುವಂತೆ ಕೈ ಎತ್ತಿದ್ದು ಕಂಡಿತ್ತು, ಇಡಲಿಲ್ಲ.

ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಮುಖ್ಯಸ್ಥೆ ನನ್ನನ್ನು ತನ್ನ ಕೋಣೆಗೆ ಕರೆದಳು. ಅಂಕಲ್ ಅವಳಿಗೆ ಕೈಬರಹದಲ್ಲಿ ಒಂದು ಪತ್ರ ಬರೆದಿದ್ದರು: ತನ್ನ ಎಣಿಕೆಯನ್ನು ಯಾವುದಕ್ಕೂ ಬಳಸಬಾರದು, ತನಗೆ ಕಿವಿ ಕೇಳುವುದಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು ಎಂದು. ನನ್ನ ಹೆಸರನ್ನಾಗಲಿ ಗೀಟುಗಳ ವಿಷಯವನ್ನಾಗಲಿ ಬರೆದಿರಲಿಲ್ಲ. ನಾನೇ ಹೇಳಿದೆ. ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

ಅವರಿಗೆ ಕೇಳುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು ಎಂದಳು. ಪ್ರತಿ ಸಾಲಿನ ಮೇಲೂ ಮೈಕ್ ಇದೆ, ಕೂಗುಗಳೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತಲೇ ಇವೆ, ಅವರ ನೋಟ್‌ಬುಕ್ ಯಾವುದಕ್ಕೂ ಬೇಕಾಗಿರಲಿಲ್ಲ. ಹೆಂಡತಿ ಹೋದ ಮೇಲೆ ಅವರಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು, ಅದಕ್ಕೆ ಕೂರಲು ಬಿಟ್ಟಿದ್ದೆವು. ನಿನಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಕ್ಷಮಿಸು ಎಂದಳು.

ಆ ಮೈಕುಗಳ ಧೂಳನ್ನು ನಾನು ದಿನವೂ ಒರೆಸುತ್ತಿದ್ದೆ. ಅವು ಹಳೆಯವು, ಕೆಟ್ಟುಹೋದವು ಎಂದುಕೊಂಡಿದ್ದೆ. ಅವು ನಡೆಯುತ್ತಿದ್ದದ್ದು ಅಂಕಲ್‌ಗೂ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಂಜೆ ಕಾರಿನಲ್ಲಿ ಕೂತು ಕೀಲಿ ತಿರುಗಿಸದೆ ಅತ್ತೆ. ನಾನು ಕಾಪಾಡಲು ಹೊರಟ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಆ ಕುರ್ಚಿ ಒಂದೇ. ಅದನ್ನು ನಾನು ಕಿತ್ತುಕೊಂಡೆ. ಮನೆಗೆ ಹೋದಾಗ ಗಂಡನಿಗೆ ಹೇಳಿದೆ. "ನಿಜಾನೇ ಹೇಳಿದ್ಯಲ್ಲ" ಎಂದರು ಅವರು. ಸಮಾಧಾನಕ್ಕೆ ಹೇಳಿದ ಮಾತೇ, ಆದರೂ ಆ ರಾತ್ರಿ ಅವರ ಜೊತೆ ಊಟಕ್ಕೆ ಕೂರಲಾಗಲಿಲ್ಲ.

ಎರಡು ಸಲ ಅಂಕಲ್ ಮನೆಗೆ ಫೋನ್ ಮಾಡಿದೆ. ಮಾಡಿದ ಮೇಲೆ, ಫೋನ್ ಮಾಡಿ ಏನು ಪ್ರಯೋಜನ ಎಂದು ನಾಚಿಕೆಯಾಯಿತು. ಮೆಸೇಜ್ ಕಳಿಸಿದೆ. "ನಾ ಆರಾಮ ಇದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ. ಕೆಲಸ ಬಿಡಬೇಡ" ಎಂದು ಉತ್ತರ ಬಂತು. ಏಪ್ರಿಲಿನಲ್ಲಿ ಮಗಳು ಬಂದು ಅವರನ್ನು ವರ್ಜೀನಿಯಾದ ಆಶ್‌ಬರ್ನ್‌ಗೆ ಕರೆದುಕೊಂಡು ಹೋದಳು. ಮನೆ ಮಾರಿದರು.

ಇಲಿಗಳು ಒಂದೊಂದಾಗಿ ಕಡಿಮೆಯಾದವು. ಆ ಗಂಡು ಇಲಿ ಜೂನ್‌ವರೆಗೆ ಬದುಕಿತ್ತು. ಕೊನೆಯದು, ಒಂದು ಕಣ್ಣು ಮಂಜಾಗಿದ್ದ ಹೆಣ್ಣು, ಮರುವರ್ಷದ ಫೆಬ್ರವರಿಯವರೆಗೆ. ಹಲ್ಲು ಸವೆದು ಮಿಡತೆ ಹಿಡಿಯಲಾಗದಾಗ ನಾನು ಬೆಕ್ಕಿನ ಆಹಾರವನ್ನು ನೀರಲ್ಲಿ ನೆನೆಸಿ ಚಮಚದಲ್ಲಿ ಇಡುತ್ತಿದ್ದೆ. ಅದು ಸತ್ತ ಮೇಲೆ ಕೋಣೆಯನ್ನು ತೊಳೆದು, ಕೆಂಪು ಬಲ್ಬು ತೆಗೆದು ಮಾಮೂಲಿ ಟ್ಯೂಬ್‌ಲೈಟ್ ಹಾಕಿದರು. ನನ್ನನ್ನು ಮೇಲಿನ ಮಹಡಿಯ ಮೀನಿನ ತೊಟ್ಟಿಗಳಿಗೆ ಹಾಕಿದರು. ಈಗಲೂ ಅಲ್ಲೇ ಇದ್ದೇನೆ.

ಕೋಣೆ ಖಾಲಿಯಾದ ವರ್ಷದ ಬೇಸಿಗೆಯಲ್ಲಿ ನಮ್ಮ ಮಗಳನ್ನು ಒಂದು ಕ್ಯಾಂಪಿಗೆ ಬಿಡಲು ವಾಷಿಂಗ್ಟನ್ ಕಡೆಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಎರಡೂ ಕ್ಯಾರೊಲೈನಾ ರಾಜ್ಯಗಳನ್ನು ದಾಟುವಷ್ಟರಲ್ಲಿ ದಿನ ಮುಗಿದಿತ್ತು. ಅವಳನ್ನು ಕ್ಯಾಂಪಿಗೆ ಬಿಟ್ಟ ಮರುದಿನ ಬೆಳಿಗ್ಗೆ ನಾನೊಬ್ಬಳೇ ಆಶ್‌ಬರ್ನ್‌ಗೆ ಹೋದೆ. ಒಂದೇ ಥರದ ಟೌನ್‌ಹೌಸ್‌ಗಳ ಸಾಲು. ಅಂಕಲ್ ಮಗಳು ಬಾಗಿಲು ತೆಗೆದಳು. ನನಗಿಂತ ಸ್ವಲ್ಪ ದೊಡ್ಡವಳು. "ಅಪ್ಪ ನಿಮ್ಮ ಬಗ್ಗೆ ಹೇಳ್ತಿರ್ತಾರೆ. ಚೇಳು ನೋಡಿ ಕಿರುಚಿದ್ರಂತೆ" ಎಂದು ನಕ್ಕಳು. ಅವರು ಮತ್ತೇನು ಹೇಳಿದ್ದಾರೋ, ಏನನ್ನು ಹೇಳಿಲ್ಲವೋ ತಿಳಿಯದೆ ಸುಮ್ಮನೆ ನಕ್ಕೆ.

ಅಂಕಲ್ ಇಳಿದುಹೋಗಿದ್ದರು. ಎರಡೂ ಕಿವಿಗೆ ಯಂತ್ರ. ಎದುರು ಕೂತು ನಿಧಾನವಾಗಿ ಮಾತಾಡಿದರೆ ಅರ್ಥವಾಗುತ್ತಿತ್ತು. ಶಾಲೆಗೆ ಹೋಗುವ ಮೊಮ್ಮಗಳು ಕೆಳಗೆ ಬಂದು "ಅಜ್ಜ, ಜ್ಯೂಸ್ ಬೇಕಾ?" ಎಂದಳು. ಅವರು "ಏನು?" ಎಂದರು. ಅವಳು ಅದನ್ನೇ ಇಂಗ್ಲಿಷಿನಲ್ಲಿ ಮೂರು ಸಲ ಹೇಳಿ, ತಲೆಯಾಡಿಸಿ, ಜ್ಯೂಸ್ ತಂದಿಟ್ಟು ಹೋದಳು. ಅವರು ಕುಡಿದರು.

ಬಿಸಿಲು ಏರುವ ಮೊದಲು ಅಡ್ಡಾಡಿ ಬರೋಣ ಎಂದರು. ಕೈ ಹಿಡಿದುಕೊಂಡೆ. ಮನೆಗಳ ಸಾಲು ಮುಗಿದ ಮೇಲೆ ಕಿಟಕಿಗಳೇ ಇಲ್ಲದ ಬೂದು ಬಣ್ಣದ ದೊಡ್ಡ ದೊಡ್ಡ ಕಟ್ಟಡಗಳು. ಒಳಗೆಲ್ಲ ಕಂಪ್ಯೂಟರುಗಳೇ ಇರುವ ಡೇಟಾ ಸೆಂಟರ್‌ಗಳು. ಅವುಗಳ ಮಾಳಿಗೆಯ ಮೇಲಿನ ಫ್ಯಾನುಗಳು ಹಗಲಿರುಳೂ ತಿರುಗುತ್ತವೆ. ನೆಲವೇ ಗುಂಯ್‌ಗುಡುವ ಹಾಗೆ ದಪ್ಪನೆಯ ಸದ್ದು. ಅಂಕಲ್ ಬೇಲಿಯ ಹತ್ತಿರ ನಿಂತರು.

"ಇದು ಮಾತ್ರ ಛಲೋ ಕೇಳ್ತದ ನೋಡು" ಎಂದರು. "ಯಂತ್ರ ತಗದ್ರೂ ಕೇಳ್ತದ. ದಪ್ಪ ದನಿ ಉಳದಾವ. ಸಣ್ಣ ದನಿ ಎಲ್ಲಾ ಹೋಗ್ಯಾವ. ಹಕ್ಕಿ ಇಲ್ಲ, ಹೆಣ್ಣುಮಕ್ಕಳು ಇಲ್ಲ, ಸಣ್ಣ ಹುಡುಗರು ಇಲ್ಲ."

ಅವರ ಎದುರಿಗೆ ಬಂದು ನಿಂತು, ತುಟಿ ಕಾಣುವ ಹಾಗೆ ಹೇಳಿದೆ. "ಅಂಕಲ್, ನನ್ನಿಂದ ತಪ್ಪಾಯ್ತು."

"ಯಾಕವಾ?"

"ನಾನು ಹೇಳ್ಬಾರ್ದಿತ್ತು. ಸುಮ್ನೆ ಇರ್ಬೇಕಿತ್ತು."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ.

"ಹೂಂ" ಎಂದರು. "ಹೂಂ, ಹೂಂ."

ನಾನು ಇನ್ನೊಮ್ಮೆ ಹೇಳಲಿಲ್ಲ. ಬಿಸಿಲು ಏರಿತ್ತು, ನಿಧಾನವಾಗಿ ಮನೆ ಕಡೆ ನಡೆದೆವು. ಮಗಳು ಅವಲಕ್ಕಿ ಹಚ್ಚಿದ್ದಳು, ಧಾರವಾಡದ ಕಡೆಯವರು ಮಾಡುವ ಹಾಗೆ ಹಸಿ ಎಣ್ಣೆ, ಮೆಂತ್ಯದ ಹಿಟ್ಟು ಹಾಕಿ. ಮೂವರೂ ಮೇಜಿಗೆ ಕೂತು ತಿಂದೆವು. ನಾನು ಹೊರಡುವಾಗ ಅಂಕಲ್ ಬಾಗಿಲ ತನಕ ಬಂದು, ಈ ಸಲ ತಲೆಯ ಮೇಲೆ ಕೈ ಇಟ್ಟರು.

ಅದೇ ವರ್ಷ ಚಳಿಗಾಲದಲ್ಲಿ ಹೋದರು. ನಿದ್ದೆಯಲ್ಲೇ ಹೋದರು ಎಂದು ಮಗಳು ಮೆಸೇಜ್ ಮಾಡಿದ್ದಳು. ಬಹಳ ಜನರಿಗೆ ಒಟ್ಟಿಗೆ ಕಳಿಸಿದ ಮೆಸೇಜು ಅದು. ಅಂದು ಮೀನುಗಳ ನೀರು ಬದಲಿಸುವ ದಿನ. ರಜೆ ಕೇಳಬಹುದಿತ್ತು. ಕೇಳಲಿಲ್ಲ. ಇಪ್ಪತ್ತನಾಲ್ಕು ತೊಟ್ಟಿಗಳ ನೀರು ಬದಲಿಸಿ, ಮಧ್ಯಾಹ್ನ ಮೂರಕ್ಕೆ ಅವಳಿಗೆ ಫೋನ್ ಮಾಡಿದೆ, ಅವಳು ಮಾತಾಡಿ ಮುಗಿಸುವ ತನಕ ಕೇಳಿದೆ.